ಒಡೆದ ಸೈಡ್ ಮಿರರ್: ಗಾಡಿ ತೆಗೀಬೇಕಾ, ಬೇಡ್ವಾ?

"ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ, ನಾಳೆ ಹಾಕಿಸೋಣ." ಡೆಲಿವರಿ ಗಾಡಿ ಓಡಿಸುವವರು ಈ ಮಾತು ಕೇಳಿಯೇ ಇರುತ್ತಾರೆ. ಬೆಳಗ್ಗೆ ಬಂದು ನೋಡಿದರೆ ಒಂದು ಕಡೆಯ ಸೈಡ್ ಮಿರರ್ ಒಡೆದಿದೆ. ಹಿಂದಿನ ದಿನ ಓಡಿಸಿದವರು ಏನೂ ಬರೆದಿಟ್ಟಿಲ್ಲ. ಲೋಡ್ ಆಗಿಹೋಗಿದೆ, ಮೊದಲ ಪಾರ್ಸೆಲ್ ತಲುಪಿಸುವ ಟೈಮ್ ಆ್ಯಪ್‌ನಲ್ಲಿ ಓಡುತ್ತಿದೆ. ಎಂಜಿನ್ ಸರಿ ಇದೆ, ಬ್ರೇಕ್ ಸರಿ ಇದೆ. ಒಂದು ತುಂಡು ಗಾಜು ತಾನೇ?

ಇಲ್ಲಿ ಡ್ರೈವರ್ ತಲೆಗೆ ಬರುವ ಪ್ರಶ್ನೆ "ನನ್ನಿಂದ ಓಡಿಸೋಕೆ ಆಗುತ್ತಾ?" ಅನ್ನುವುದು. ಅನುಭವ ಇರುವವರಿಗೆ ಇದರ ಉತ್ತರ ಯಾವಾಗಲೂ "ಆಗುತ್ತೆ" ಅಂತಲೇ. ಹಾಗಾಗಿ ಅದು ಸರಿಯಾದ ಪ್ರಶ್ನೆ ಅಲ್ಲ. ಈ ಗಾಡಿ ಈ ಸ್ಥಿತಿಯಲ್ಲಿ ರಸ್ತೆಗೆ ಹೋಗಬಹುದಾ ಅಂತ ಯಾರು ತೀರ್ಮಾನ ಮಾಡಬೇಕು ಅನ್ನುವುದೇ ನಿಜವಾದ ಪ್ರಶ್ನೆ. ಸುರಕ್ಷತೆಯ ನಿಯಮಗಳೆಲ್ಲ ಸುತ್ತುವುದು ಇದರ ಸುತ್ತಲೇ. ಅವಸರದಲ್ಲಿ ಇರುವ ಒಬ್ಬ ಡ್ರೈವರ್ ತಲೆ ಮೇಲೆ ಅಷ್ಟೂ ಭಾರ ಬೀಳಬಾರದು ಅಂತಲೇ ಅವುಗಳನ್ನು ಮಾಡಿರುವುದು.

ಮೊದಲು ಪೆಟ್ಟು ತಿನ್ನುವುದು ಕನ್ನಡಿಯೇ

ಗಾಡಿಯ ಮೈಯಲ್ಲಿ ಎಲ್ಲಕ್ಕಿಂತ ಹೊರಗೆ ಚಾಚಿಕೊಂಡಿರುವುದು ಸೈಡ್ ಮಿರರ್. ಗಾಡಿಯ ಅಗಲ ಎಷ್ಟು ಅಂತ ಹೇಳುವಾಗ ಸಾಮಾನ್ಯವಾಗಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೆಲಿವರಿಗೆ ತುಂಬಾ ಬಳಕೆಯಲ್ಲಿರುವ ಫೋರ್ಡ್ ಟ್ರಾನ್ಸಿಟ್ ವ್ಯಾನನ್ನೇ ನೋಡಿ. ಕನ್ನಡಿ ಬಿಟ್ಟರೆ ಅದರ ಅಗಲ ಸುಮಾರು 2.06 ಮೀಟರ್. ಎರಡೂ ಕನ್ನಡಿ ಹೊರಗೆ ಚಾಚಿದ್ದಾಗ ಸುಮಾರು 2.47 ಮೀಟರ್. ಅಂದರೆ 40 ಸೆಂಟಿಮೀಟರಿಗಿಂತ ಜಾಸ್ತಿ ಜಾಗ ಕನ್ನಡಿಗಳಿಗೇ ಬೇಕು. ಯುರೋಪಿನಲ್ಲೂ ಇನ್ನೂ ಹಲವು ದೇಶಗಳಲ್ಲೂ ನಡೆಯುವ ವಿಶ್ವಸಂಸ್ಥೆಯ ರೆಗ್ಯುಲೇಷನ್ 46 ಇದಕ್ಕೊಂದು ಮಿತಿ ಹಾಕಿದೆ. ಕನ್ನಡಿಯ ಕೆಳ ಅಂಚು ನೆಲದಿಂದ 2 ಮೀಟರಿಗಿಂತ ಕೆಳಗಿದ್ದರೆ, ಅದು ಗಾಡಿಯ ಮೈಯಿಂದ 250 ಮಿಲಿಮೀಟರಿಗಿಂತ ಹೊರಗೆ ಬರುವಂತಿಲ್ಲ. ನಡೆದು ಹೋಗುವವರ ತಲೆಗೆ, ಸೈಕಲ್‌ನವರ ಭುಜಕ್ಕೆ ತಾಗುವ ಎತ್ತರ ಅದು.

ಡೆಲಿವರಿ ಕೆಲಸ ಅಂದರೆ ಕಿರಿದಾದ ಬೀದಿ, ಎರಡೂ ಕಡೆ ನಿಲ್ಲಿಸಿದ ಗಾಡಿಗಳು, ದಿನವಿಡೀ ನಿಲ್ಲಿಸು, ತೆಗೆ, ನಿಲ್ಲಿಸು, ತೆಗೆ. ಎದುರಿನಿಂದ ಬಂದ ಗಾಡಿಯ ಕನ್ನಡಿಗೆ ನಮ್ಮ ಕನ್ನಡಿ ತಾಗುತ್ತದೆ. ಗೇಟು ತಾಗುತ್ತದೆ, ಮರದ ಕೊಂಬೆ ತಾಗುತ್ತದೆ. ನಿಲ್ಲಿಸಿ ಮೆಟ್ಟಿಲು ಹತ್ತಿ ಇಳಿದು ಬರುವಷ್ಟರಲ್ಲಿ ಯಾರೋ ತಾಗಿಸಿಕೊಂಡು ಹೋಗಿರುತ್ತಾರೆ. ಪೆಟ್ಟು ಬಿದ್ದಾಗ ಮಡಚಿಕೊಳ್ಳಲಿ ಅಂತ ಕನ್ನಡಿಯ ಬುಡದಲ್ಲಿ ಕೀಲು ಇಟ್ಟಿರುತ್ತಾರೆ. ಅದು ಮೊದಲು ಕಾಪಾಡುವುದು ಹೊರಗಿನ ಮನುಷ್ಯನನ್ನು, ಆಮೇಲೆ ಕನ್ನಡಿಯನ್ನು. ಗಾಜು ಉಳಿಯುತ್ತೆ ಅನ್ನುವ ಗ್ಯಾರಂಟಿ ಏನಿಲ್ಲ. ಕೆಲವು ಯಮಹಾ ಬೈಕುಗಳಲ್ಲಿ ಬಲಗಡೆ ಕನ್ನಡಿಯ ತಿರುಪು ಉಲ್ಟಾ ಇರುತ್ತದೆ. ಮುಂದಿನಿಂದ ಪೆಟ್ಟು ಬಿದ್ದರೆ ಕನ್ನಡಿ ಮುರಿಯುವ ಬದಲು ಬಿಚ್ಚಿಕೊಂಡು ತಿರುಗಲಿ ಅಂತ. ಗೊತ್ತಿಲ್ಲದವರು ಎಲ್ಲ ತಿರುಪಿನ ಹಾಗೆ ಬಿಗಿ ಮಾಡಲು ಹೋಗಿ ಥ್ರೆಡ್ ಹಾಳು ಮಾಡಿಕೊಳ್ಳುತ್ತಾರೆ.

ಒಂದು ಗಾಜು ಹೋದರೆ ಏನು ಹೋಗುತ್ತೆ

ಕಾರಿನಲ್ಲಿ ಒಂದು ಸೈಡ್ ಮಿರರ್ ಹೋದರೂ ಒಳಗಿನ ಕನ್ನಡಿ ಇರುತ್ತದೆ, ಹಿಂದಿನ ಗಾಜಿನಿಂದ ರಸ್ತೆ ಕಾಣುತ್ತದೆ. ಡೆಲಿವರಿ ವ್ಯಾನಿನಲ್ಲಿ ಹಾಗಿಲ್ಲ. ಡ್ರೈವರ್ ಬೆನ್ನ ಹಿಂದೆ ತಗಡಿನ ಗೋಡೆ, ಅದರ ಹಿಂದೆ ಪಾರ್ಸೆಲ್ ರಾಶಿ. ಕತ್ತು ತಿರುಗಿಸಿದರೂ ಕಾಣುವುದು ಅದೇ. ತನ್ನ ಕಡೆಯಾದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಬಹುದು. ಕ್ಲೀನರ್ ಸೈಡ್‌ನಲ್ಲಿ ಆ ಉಪಾಯವೂ ಇಲ್ಲ. ಆ ಕಡೆ ಏನಿದೆ ಅಂತ ಹೇಳುವುದು ಆ ಒಂದು ಕನ್ನಡಿ ಮಾತ್ರ. ಫುಟ್‌ಪಾತ್ ಪಕ್ಕದಲ್ಲಿ ಸೈಕಲ್ ಬರುವುದು ಆ ಕಡೆಯೇ. ಗಾಡಿ ಅತ್ತ ತಿರುಗಿದಾಗ ಹಿಂದಿನ ಚಕ್ರ ಮೂಲೆ ಕತ್ತರಿಸಿಕೊಂಡು ಹೋಗುವುದೂ ಆ ಕಡೆಯೇ.

"ಒಂದು ಸಲ ತಿರುಗಿ ನೋಡಿದರೆ ಸಾಕು" ಅನ್ನುವವರಿಗೆ ಒಂದು ಲೆಕ್ಕ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ಪೂರ್ತಿ ಕತ್ತು ತಿರುಗಿಸಿ, ನೋಡಿ, ಮತ್ತೆ ಮುಂದಕ್ಕೆ ಬರಲು ಒಂದೂವರೆ ಸೆಕೆಂಡ್ ಹಿಡಿದರೆ, ಗಾಡಿ ಅಷ್ಟರಲ್ಲಿ 16 ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಅಷ್ಟು ದೂರ ಮುಂದಿನ ರಸ್ತೆ ನೋಡಿಯೇ ಇಲ್ಲ. ಕನ್ನಡಿಯ ಕೆಲಸವೇ ಈ ಸಮಯ ಉಳಿಸುವುದು.

ಎರಡೂ ಕಡೆ ಕನ್ನಡಿ ಒಂದೇ ಥರ ಇರುವುದಿಲ್ಲ ಅನ್ನುವುದನ್ನೂ ತಿಳಿದಿರಬೇಕು. ಅಮೆರಿಕದಲ್ಲಿ ಕಾರುಗಳ ಡ್ರೈವರ್ ಸೈಡ್ ಕನ್ನಡಿ ಸಪಾಟಾಗಿರಬೇಕು ಅಂತ ನಿಯಮ. ಇನ್ನೊಂದು ಕಡೆ ಉಬ್ಬು ಕನ್ನಡಿ ಹಾಕಬಹುದು. ಆದರೆ ಅದರ ಉಬ್ಬಿನ ತ್ರಿಜ್ಯ 889 ರಿಂದ 1,651 ಮಿಲಿಮೀಟರ್ ಒಳಗೇ ಇರಬೇಕು. ಜೊತೆಗೆ, ಕಾಣುವುದಕ್ಕಿಂತ ವಸ್ತುಗಳು ಹತ್ತಿರದಲ್ಲಿವೆ ಅನ್ನುವ ಸಾಲು ಗಾಜಿನ ಮೇಲೆ ಇರಬೇಕು. ಯುರೋಪಿನ ಕಡೆ ಎರಡೂ ಕಡೆ ಉಬ್ಬು ಕನ್ನಡಿಯೇ ಇರಬಹುದು. ಅಲ್ಲಿ ಕಾರು, ವ್ಯಾನುಗಳ ಮುಖ್ಯ ಕನ್ನಡಿಗೆ ಕನಿಷ್ಠ ತ್ರಿಜ್ಯ 1,200 ಮಿಲಿಮೀಟರ್. ಲಾರಿಗಳಲ್ಲಿರುವ ಅಗಲ ನೋಟದ ಕನ್ನಡಿಗೆ 300 ಇದ್ದರೂ ಸಾಕು. ತ್ರಿಜ್ಯ ಕಮ್ಮಿ ಆದಷ್ಟೂ ಉಬ್ಬು ಜಾಸ್ತಿ. ಕಾಣುವ ಜಾಗವೂ ಜಾಸ್ತಿ, ಆದರೆ ಎಲ್ಲವೂ ಚಿಕ್ಕದಾಗಿ, ದೂರ ಇದ್ದಂತೆ ಕಾಣುತ್ತದೆ.

ಎಷ್ಟು ಚಿಕ್ಕದು? ಕನ್ನಡಿ ಕಣ್ಣಿನಿಂದ 80 ಸೆಂಟಿಮೀಟರ್ ದೂರ ಇದೆ, ತ್ರಿಜ್ಯ 1,200 ಮಿಲಿಮೀಟರ್, ಹಿಂದೆ 20 ಮೀಟರ್‌ನಲ್ಲಿ ಒಂದು ಬೈಕ್ ಬರುತ್ತಿದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ, ಸಪಾಟು ಕನ್ನಡಿಯಲ್ಲಿ ಕಾಣುವ ಗಾತ್ರದ ಅರ್ಧಕ್ಕಿಂತಲೂ ಸ್ವಲ್ಪ ಚಿಕ್ಕದಾಗಿ ಆ ಬೈಕ್ ಕಾಣುತ್ತದೆ. ಸಪಾಟು ಕನ್ನಡಿಗೆ ಒಗ್ಗಿದ ಕಣ್ಣಿಗೆ ಅದು 45 ಮೀಟರಿಗಿಂತ ಹಿಂದೆ ಇದ್ದಂತೆ ಅನ್ನಿಸುತ್ತದೆ. ಆದ್ದರಿಂದಲೇ ಒಡೆದ ಗಾಜಿನ ಜಾಗಕ್ಕೆ ಕೈಗೆ ಸಿಕ್ಕಿದ ಯಾವುದೋ ಗಾಜು ಅಂಟಿಸುವುದು ಅಪಾಯ. ಉಬ್ಬು ಇದ್ದ ಕಡೆ ಸಪಾಟು ಗಾಜು ಬಂದರೆ ಮೊದಲು ಕಾಣುತ್ತಿದ್ದ ಪಕ್ಕದ ಲೇನ್ ಮಾಯ. ಸಪಾಟು ಇದ್ದ ಕಡೆ ಉಬ್ಬು ಬಂದರೆ ದೂರದ ಅಂದಾಜೇ ತಪ್ಪು. ಗಾಜು ಇಲ್ಲದಿದ್ದರೆ ಡ್ರೈವರ್ ಹುಷಾರಾಗಿರುತ್ತಾರೆ. ತಪ್ಪು ಗಾಜು ಇದ್ದರೆ ನಂಬಿಬಿಡುತ್ತಾರೆ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಅಪಾಯ.

ಬಿರುಕು, ಅಲುಗಾಟ, ಟೇಪು

ಹೊರಗಿನ ಪ್ಲಾಸ್ಟಿಕ್ ಕವಚ ಮಾತ್ರ ಒಡೆದು ಗಾಜು ಗಟ್ಟಿಯಾಗಿ ಕೂತಿದ್ದರೆ, ನೋಟಕ್ಕೆ ಅಂಥ ತೊಂದರೆ ಇಲ್ಲ. ಬರೆದಿಟ್ಟು, ಬೇಗ ಸರಿ ಮಾಡಿಸಿದರೆ ಆಯಿತು. ಚೂಪಾದ ಅಂಚು ಹೊರಗೆ ಚಾಚಿದ್ದರೆ ಅದು ಬೇರೆ ಮಾತು. ಗಾಜಿನ ಮೂಲೆಯಲ್ಲಿ ಒಂದು ಕೂದಲೆಳೆ ಬಿರುಕು ಇದ್ದರೂ ಕೆಲವೊಮ್ಮೆ ನೋಟ ಪೂರ್ತಿ ಸಿಗುತ್ತದೆ. ಆದರೆ ಬಿರುಕು ಜೇಡರ ಬಲೆಯಂತೆ ಹರಡಿದ್ದರೆ ಒಂದೇ ಬೈಕ್ ನಾಲ್ಕು ತುಂಡಾಗಿ ಕಾಣುತ್ತದೆ. ರಾತ್ರಿ ಹಿಂದಿನ ಹೆಡ್‌ಲೈಟ್ ಬಿದ್ದರೆ ಪ್ರತಿ ಬಿರುಕೂ ಮಿನುಗಿ ಕಣ್ಣು ಕುಕ್ಕುತ್ತದೆ. ಬೆಳಗ್ಗೆ ನೋಡಿ "ಪರವಾಗಿಲ್ಲ" ಅಂದ ಗಾಜು ಸಂಜೆಗೆ ಕೆಲಸಕ್ಕೆ ಬಾರದೆ ಹೋಗುವುದು ಹೀಗೆ.

ಅಮೆರಿಕದ ತಯಾರಿಕಾ ನಿಯಮ ಕನ್ನಡಿಯನ್ನು ಅಳೆಯುವುದೇ ಪ್ರತಿಫಲಿಸುವ ಗಾಜಿನ ವಿಸ್ತೀರ್ಣದ ಮೇಲೆ. ಸಣ್ಣ ಟ್ರಕ್‌ಗಳಲ್ಲಿ ಸಪಾಟು ಕನ್ನಡಿ ಹಾಕಿದರೆ ಒಂದೊಂದು ಕಡೆ ಕನಿಷ್ಠ 126 ಚದರ ಸೆಂಟಿಮೀಟರ್. ಅದಕ್ಕಿಂತ ದೊಡ್ಡ ಗಾಡಿಗಳಲ್ಲಿ 323. ಕನ್ನಡಿಯ ಚೌಕಟ್ಟು ಜಾಗದಲ್ಲೇ ಇದೆ, ಒಳಗೆ ಅರ್ಧ ಗಾಜು ಉದುರಿದೆ ಅಂದರೆ "ಕನ್ನಡಿ ಇದೆ" ಅನ್ನುವುದಕ್ಕೆ ಅರ್ಥ ಇಲ್ಲ.

ಇನ್ನು ಟೇಪು. ಮುರಿದ ಕನ್ನಡಿಗೆ ಟೇಪ್ ಸುತ್ತಿದರೆ ಅದು ಬೀಳುವುದಿಲ್ಲ, ನಿಜ. ಆದರೆ ಅಲುಗುತ್ತದೆ. ಅಲುಗುವ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ ಅನ್ನುವುದು ಕಾರಿನ ಕನ್ನಡಿಯಷ್ಟೇ ಹಳೆಯ ಕಥೆ. 1911ರ ಮೇ 30ರಂದು ಮೊದಲ ಇಂಡಿಯಾನಾಪೊಲಿಸ್ 500 ರೇಸ್ ನಡೆಯಿತು. ಹಿಂದೆ ಬರುವ ಕಾರುಗಳನ್ನು ನೋಡಿ ಹೇಳಲು ಉಳಿದವರೆಲ್ಲ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡಿದ್ದರು. ರೇ ಹ್ಯಾರೂನ್ ಒಬ್ಬರೇ ಕೂತು ಓಡಿಸಲು ಹೊರಟಾಗ ಇದು ಅಪಾಯ ಅಂತ ತಕರಾರು ಬಂತು. ಅವರು ಮುಂದೆ ಒಂದು ಕನ್ನಡಿ ಕಟ್ಟಿಕೊಂಡು ಓಡಿಸಿ ಗೆದ್ದರು. ಇಟ್ಟಿಗೆ ಹಾಸಿದ ಟ್ರ್ಯಾಕಿನ ಕುಲುಕಾಟದಲ್ಲಿ ಆ ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲ ಅಂತ ಆಮೇಲೆ ಅವರೇ ಹೇಳಿಕೊಂಡರು. ತಕರಾರು ಮಾಡಿದವರ ಬಾಯಿ ಮುಚ್ಚಿಸಲು ಅಷ್ಟು ಸಾಕಾಯಿತು! ಟೇಪ್ ಸುತ್ತಿದ ಕನ್ನಡಿಯೂ ಹೆಚ್ಚು ಕಮ್ಮಿ ಇದೇ ಕೆಲಸ ಮಾಡುತ್ತದೆ. ನೋಡುವವರಿಗೆ ಸಮಾಧಾನ, ಓಡಿಸುವವರಿಗೆ ಏನೂ ಇಲ್ಲ.

ಈಗಿನ ಸೈಡ್ ಮಿರರ್ ಬರೀ ಗಾಜಲ್ಲ. ಗಾಜಿನ ಬೆನ್ನಿಗೆ ಮಂಜು ಕರಗಿಸುವ ಹೀಟರ್ ಇರುತ್ತದೆ. ಗಾಜನ್ನು ತಿರುಗಿಸುವ ಮೋಟರ್, ಇಂಡಿಕೇಟರ್ ದೀಪ, ಬ್ಲೈಂಡ್ ಸ್ಪಾಟ್ (ಕನ್ನಡಿಯಲ್ಲೂ ಕಾಣದ ಜಾಗ) ಎಚ್ಚರಿಕೆಯ ದೀಪ, ಕೆಲವದರಲ್ಲಿ ಕೆಳಗಡೆ ಕ್ಯಾಮೆರಾ. ಗಾಜು ಮಾತ್ರ ಒಡೆದಿದ್ದರೆ ಬದಲಾಯಿಸುವುದು ಸುಲಭ. ಎಷ್ಟೋ ಗಾಡಿಗಳಲ್ಲಿ ಅದು ಕ್ಲಿಪ್ಪಿನ ಮೇಲೆ ಕೂತಿರುತ್ತದೆ. ಹಳೆಯದನ್ನು ಎಬ್ಬಿಸಿ, ಹೀಟರ್ ವೈರ್ ಬಿಚ್ಚಿ, ಹೊಸದಕ್ಕೆ ಸಿಕ್ಕಿಸಿ ಒತ್ತಿದರೆ ಮುಗಿಯಿತು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು, ಗಾಜಿನ ಚೂರು ಎಗರುತ್ತದೆ. ಪೂರ್ತಿ ಕನ್ನಡಿಯೇ ಹೋಗಿದ್ದರೆ, ಅದರಲ್ಲೂ ಕ್ಯಾಮೆರಾ ಇದ್ದರೆ, ಅದು ವರ್ಕ್‌ಶಾಪ್ ಕೆಲಸ. ಕ್ಯಾಮೆರಾವನ್ನು ಮತ್ತೆ ಅಳತೆಗೆ ಹೊಂದಿಸಬೇಕಾಗಬಹುದು. ಹೊರಗಿನಿಂದ ಕನ್ನಡಿ ಸರಿಯಾಗಿದೆ, ಒಳಗೆ ಎಚ್ಚರಿಕೆಯ ದೀಪ ಹೊತ್ತುತ್ತಿಲ್ಲ ಅನ್ನುವ ಪರಿಸ್ಥಿತಿ ಈಗ ಬರುತ್ತಿದೆ. ಬೆಳಗಿನ ತಪಾಸಣೆಯಲ್ಲಿ ಅದನ್ನೂ ನೋಡಬೇಕು.

ಬರೆದಿಟ್ಟಿದ್ದು ಎಲ್ಲಿಗೆ ಹೋಗುತ್ತೆ

ಅಮೆರಿಕದ ಫೆಡರಲ್ ನಿಯಮ ಈ ವಿಷಯದಲ್ಲಿ ತುಂಬಾ ಸ್ಪಷ್ಟ. ವ್ಯಾಪಾರಕ್ಕೆ ಓಡುವ ಬಸ್ಸು, ಟ್ರಕ್‌ಗಳಿಗೆ ಎರಡೂ ಕಡೆ ಹೊರಗೆ ಗಟ್ಟಿಯಾಗಿ ಕೂರಿಸಿದ ಕನ್ನಡಿ ಇರಬೇಕು. ಗಾಡಿಯ ಎರಡೂ ಪಕ್ಕ ಹಿಂದಿನವರೆಗೂ ಕಾಣಬೇಕು. ಅದರ ಜೊತೆಗೆ ಬರುವ ತಪಾಸಣೆಯ ಪದ್ಧತಿ ಇನ್ನೂ ಮುಖ್ಯ. ದಿನದ ಕೆಲಸ ಮುಗಿದ ಮೇಲೆ ಡ್ರೈವರ್ ಕಂಡ ದೋಷವನ್ನು ಬರೆದು, ಸಹಿ ಹಾಕಿ ಕೊಡಬೇಕು. ಬ್ರೇಕು, ಸ್ಟೇರಿಂಗ್, ಟಯರ್, ದೀಪ, ವೈಪರ್‌ಗಳ ಸಾಲಿನಲ್ಲೇ ಕನ್ನಡಿಯ ಹೆಸರೂ ಇದೆ. ಸುರಕ್ಷತೆಗೆ ಧಕ್ಕೆ ಬರುವ ದೋಷ ಬರೆದಿದ್ದರೆ, ಅದನ್ನು ಸರಿ ಮಾಡಿಸಿದ್ದೇವೆ ಅಥವಾ ಸರಿ ಮಾಡಿಸುವ ಅಗತ್ಯ ಇಲ್ಲ ಅಂತ ಕಂಪನಿ ಸಹಿ ಹಾಕಬೇಕು. ಮಾರನೇ ದಿನ ಆ ಗಾಡಿ ತೆಗೆಯುವ ಡ್ರೈವರ್ ಅದನ್ನು ಓದಿ ಸಹಿ ಹಾಕಬೇಕು. ಗಾಡಿ ಸುರಕ್ಷಿತವಾಗಿದೆ ಅಂತ ಅವರಿಗೆ ಮನವರಿಕೆ ಆದ ಮೇಲೆಯೇ ಗಾಡಿ ತೆಗೆಯಬೇಕು.

ಮೂರು ಸಹಿ ಯಾಕೆ ಅಂದರೆ, ಒಬ್ಬರು "ನೋಡಲಿಲ್ಲ" ಅನ್ನುವಂತಿಲ್ಲ, ಇನ್ನೊಬ್ಬರು "ಹೇಳಲಿಲ್ಲ" ಅನ್ನುವಂತಿಲ್ಲ. "ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಬಾಯಲ್ಲಿ ಹೇಳುವುದು ಸುಲಭ. "ಈ ಕನ್ನಡಿ ಸರಿ ಮಾಡಿಸುವ ಅಗತ್ಯ ಇಲ್ಲ" ಅಂತ ಬರೆದು ಹೆಸರು ಹಾಕುವುದು ಅಷ್ಟು ಸುಲಭ ಅಲ್ಲ. ಕಾಗದದ ನಿಜವಾದ ಶಕ್ತಿ ಅಷ್ಟೇ. 2014ರ ಡಿಸೆಂಬರ್‌ನಲ್ಲಿ ಅಲ್ಲಿ ಒಂದು ಬದಲಾವಣೆ ಆಯಿತು. ಸಾಮಾನು ಸಾಗಿಸುವ ಗಾಡಿಯಲ್ಲಿ ದೋಷ ಏನೂ ಇಲ್ಲದಿದ್ದರೆ ದಿನದ ಕೊನೆಯ ವರದಿ ಕೊಡಬೇಕಾಗಿಲ್ಲ. ದಿನಾ "ಎಲ್ಲ ಸರಿ ಇದೆ" ಅಂತ ಗೀಚುವುದು ತಪ್ಪಿತು. ಇದರಲ್ಲಿ ಒಂದು ಕೊಂಕೂ ಇದೆ. ವರದಿ ಇಲ್ಲ ಅಂದರೆ ದೋಷ ಇಲ್ಲವೋ, ಗಾಡಿ ಸುತ್ತ ಯಾರೂ ಒಂದು ಸುತ್ತು ಬರಲೇ ಇಲ್ಲವೋ, ಕಾಗದ ನೋಡಿ ಹೇಳಲು ಆಗುವುದಿಲ್ಲ.

ಈ ನಿಯಮಗಳು ಎಲ್ಲ ಡೆಲಿವರಿ ಗಾಡಿಗೂ ಅನ್ವಯ ಆಗುವುದಿಲ್ಲ. ಸಾಮಾನು ಸಾಗಿಸುವ ಗಾಡಿಯಾದರೆ, ತೂಕದ ಮಿತಿ ಸುಮಾರು 4,536 ಕಿಲೋದಿಂದ, ಅಂದರೆ 10,001 ಪೌಂಡ್‌ನಿಂದ ಶುರು. ಮನೆ ಮನೆಗೆ ಪಾರ್ಸೆಲ್ ಕೊಡುವ ಎಷ್ಟೋ ವ್ಯಾನುಗಳು ಇದಕ್ಕಿಂತ ಹಗುರ. ಹಾಗಂತ ಅವು ಕನ್ನಡಿ ಇಲ್ಲದೆ ಓಡಬಹುದು ಅಂತಲ್ಲ. ಆಯಾ ರಾಜ್ಯದ ರಸ್ತೆ ನಿಯಮ ಇರುತ್ತದೆ, ಕಂಪನಿಯ ನಿಯಮ ಇರುತ್ತದೆ. ಆದರೆ ಮೂರು ಸಹಿಯ ಬಿಗಿ ಅಲ್ಲಿಲ್ಲ. ಆ್ಯಪ್‌ನಲ್ಲಿ ಫೋಟೊ ಹಾಕಿ ಟಿಕ್ ಮಾಡಿದರೆ ಮುಗಿಯುತ್ತದೆ. ಟಿಕ್ ಮಾಡಿದ್ದನ್ನು ಯಾರು ನೋಡುತ್ತಾರೆ, ನೋಡಿದವರು ಏನು ಮಾಡಬೇಕು ಅನ್ನುವುದು ಗೊತ್ತಿಲ್ಲದಿದ್ದರೆ ಅದು ಸುಮ್ನೆ ಬೆರಳಿನ ಕೆಲಸ.

ಓಡಿಸಲ್ಲ ಅನ್ನುವ ಹಕ್ಕು

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ ಒಪ್ಪಂದ, ಸಂಖ್ಯೆ 155, ಇದರ ಬುನಾದಿ. ಜೀವಕ್ಕೆ ಅಥವಾ ಆರೋಗ್ಯಕ್ಕೆ ಸನ್ನಿಹಿತವಾದ, ಗಂಭೀರವಾದ ಅಪಾಯ ಇದೆ ಅಂತ ನಂಬಲು ಸರಿಯಾದ ಕಾರಣ ಇದ್ದು ಕೆಲಸದಿಂದ ದೂರ ಸರಿದವರನ್ನು ಶಿಕ್ಷಿಸಬಾರದು ಅಂತ ಅದು ಹೇಳುತ್ತದೆ. ಯುರೋಪಿನ 1989ರ ನಿರ್ದೇಶನದಲ್ಲೂ ಇದೇ ಥರದ ಮಾತಿದೆ. ಒಡೆದ ಕನ್ನಡಿ ಪ್ರತಿ ಸಲ ಈ ಮಟ್ಟ ಮುಟ್ಟುತ್ತದಾ? ಇಲ್ಲ. ಒಳಗಿನ ಕನ್ನಡಿ, ಹಿಂದಿನ ಗಾಜು ಇರುವ ಸಣ್ಣ ಕಾರಿನಲ್ಲಿ ಕವಚ ಒಡೆದಿದೆ ಅಂತ ನಿಂತರೆ ವಾದ ನಿಲ್ಲುವುದು ಕಷ್ಟ. ಹಿಂದೆ ಗಾಜೇ ಇಲ್ಲದ ವ್ಯಾನಿನಲ್ಲಿ ಕ್ಲೀನರ್ ಸೈಡ್ ಕನ್ನಡಿ ಪೂರ್ತಿ ಹೋಗಿದ್ದರೆ ವಾದ ಗಟ್ಟಿ.

ಅಮೆರಿಕದಲ್ಲಿ ಭಾರಿ ಗಾಡಿ ಓಡಿಸುವವರಿಗೆ ಪ್ರತ್ಯೇಕ ರಕ್ಷಣೆ ಇದೆ. ಸುರಕ್ಷತಾ ನಿಯಮ ಮುರಿಯಬೇಕಾಗುತ್ತದೆ ಅನ್ನುವ ಕಾರಣಕ್ಕೆ, ಅಥವಾ ಗಾಡಿಯ ದೋಷದಿಂದ ಗಂಭೀರ ಗಾಯ ಆಗಬಹುದು ಅನ್ನುವ ಸಕಾರಣ ಭಯಕ್ಕೆ ಗಾಡಿ ತೆಗೆಯಲಿಲ್ಲ ಅಂದರೆ ಕೆಲಸದಿಂದ ತೆಗೆಯುವಂತಿಲ್ಲ. ಭಯದ ಕಾರಣ ಕೊಡುವವರು ಮೊದಲು ಸರಿ ಮಾಡಿಸಿ ಅಂತ ಕೇಳಿ, ಅದು ಆಗದೆ ಹೋಗಿರಬೇಕು. ತೊಂದರೆ ಕೊಟ್ಟರೆ 180 ದಿನದ ಒಳಗೆ ದೂರು ಕೊಡಬಹುದು. ಹಗುರ ವ್ಯಾನಿನವರು ಈ ಕಾನೂನಿನೊಳಗೆ ಬರದಿದ್ದರೆ, ಸಾಮಾನ್ಯ ಕೆಲಸದ ಸುರಕ್ಷತಾ ಕಾನೂನಿನಡಿ ಹೋಗಬೇಕು. ಅಲ್ಲಿ ದೂರಿಗೆ ಬರೀ 30 ದಿನ. ಒಂದೇ ಡಿಪೋ, ಒಂದೇ ಥರ ಒಡೆದ ಕನ್ನಡಿ. ಗಾಡಿಯ ತೂಕದ ಮೇಲೆ ಹಕ್ಕಿನ ಬಲ ಬದಲಾಗುತ್ತದೆ.

ಇಲ್ಲಿ ಮಾತಾಡುವ ರೀತಿಯೂ ಮುಖ್ಯ. "ನಾನು ಓಡಿಸಲ್ಲ" ಅಂದರೆ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾರೆ ಅನ್ನುತ್ತಾರೆ. "ಕ್ಲೀನರ್ ಸೈಡ್ ಏನೂ ಕಾಣ್ತಾ ಇಲ್ಲ. ಬೇರೆ ಗಾಡಿ ಕೊಡಿ, ಇಲ್ಲಾ ಗಾಜು ಹಾಕಿಸಿ, ಈಗಲೇ ಹೊರಡ್ತೀನಿ" ಅಂದರೆ ದೋಷ ಏನು ಅಂತಲೂ ಹೇಳಿದ ಹಾಗಾಯಿತು, ಕೆಲಸಕ್ಕೆ ಸಿದ್ಧ ಅಂತಲೂ ಹೇಳಿದ ಹಾಗಾಯಿತು. ಇದನ್ನು ಮೆಸೇಜ್‌ನಲ್ಲಿ ಕಳಿಸಿ, ಫೋಟೊ ಜೊತೆಗಿರಲಿ. ಫೋನಿನಲ್ಲಿ ಮೇಲಿನವರು "ಹೋಗಿ, ಏನಾಗಲ್ಲ" ಅಂದರೆ, "ಕನ್ನಡಿ ಒಡೆದಿದ್ದರೂ ಈ ಗಾಡಿಯನ್ನೇ ತೆಗೆಯಲು ಹೇಳಿದಿರಿ, ಸರೀನಾ?" ಅಂತ ಒಂದು ಸಾಲು ಬರೆದು ಕಳಿಸಿ. ಎಷ್ಟೋ ಸಲ ಬೇರೆ ಗಾಡಿ ಅಲ್ಲೇ ಸಿಕ್ಕಿಬಿಡುತ್ತದೆ.

ದಾರಿ ಮಧ್ಯೆ ಒಡೆದರೆ ಜಾಸ್ತಿ ಯೋಚಿಸಲು ಸಮಯ ಇರುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ರಸ್ತೆ ಕಡೆಯ ಬಾಗಿಲು ನೋಡಿಕೊಂಡು ತೆಗೆಯಿರಿ. ಒಡೆದಿರುವುದು ಆ ಕಡೆಯ ಕನ್ನಡಿಯೇ ಆದರೆ ಹಿಂದಿನಿಂದ ಬರುವವರು ಕಾಣುವುದಿಲ್ಲ, ಮರೆಯಬೇಡಿ. ಯಾರಿಗಾದರೂ ತಾಗಿದೆಯಾ ಅಂತ ಮೊದಲು ನೋಡಿ. ಇನ್ನೊಬ್ಬರ ಗಾಡಿಗೆ ಹಾನಿ ಆಗಿದ್ದರೆ ಅಲ್ಲಿಂದ ಸುಮ್ನೆ ಹೊರಟುಬಿಡುವುದು ಬಹಳ ಕಡೆ ಅಪರಾಧ. ಆಮೇಲೆ ಡಿಪೋಗೆ ಫೋನ್ ಮಾಡಿ. ಡಿಪೋದವರ ಒಪ್ಪಿಗೆಯ ಮೇಲೆ ಗಾಡಿಯನ್ನು ವರ್ಕ್‌ಶಾಪ್‌ವರೆಗೆ ಮಾತ್ರ ತರಬೇಕಾಗಿ ಬಂದರೆ, ಲೇನ್ ಬದಲಾಯಿಸುವುದು ಕಮ್ಮಿ ಇರುವ ದಾರಿ ಹಿಡಿಯಿರಿ. ಇಳಿದು ನೋಡದೆ, ಹಿಂದೆ ನಿಂತು ಕೈ ತೋರಿಸುವವರು ಇಲ್ಲದೆ ರಿವರ್ಸ್ ಬೇಡವೇ ಬೇಡ. ರಿವರ್ಸ್ ಕ್ಯಾಮೆರಾ ಇದೆಯಲ್ಲಾ ಅಂದರೆ, ಅದು ನೇರ ಹಿಂದೆ ತೋರಿಸುತ್ತದೆ. ಪಕ್ಕದಿಂದ ನುಗ್ಗಿ ಬರುವ ಸೈಕಲ್ ಅದರಲ್ಲಿ ಕಾಣುವಷ್ಟರಲ್ಲಿ ತಡ ಆಗಿರುತ್ತದೆ.

ದುಡ್ಡು ಯಾರದು

ಇಷ್ಟೆಲ್ಲ ನಿಯಮ ಇದ್ದರೂ ಒಡೆದ ಕನ್ನಡಿಗಳು ಟೇಪು ಸುತ್ತಿಕೊಂಡು ಓಡಾಡುವುದು ಯಾಕೆ? ಬಹುತೇಕ ಈ ಒಂದು ಕಾರಣಕ್ಕೆ. ಹೇಳಿದರೆ ತನ್ನ ಸಂಬಳದಲ್ಲಿ ಹಿಡಿಯುತ್ತಾರೆ ಅಂತ ಗೊತ್ತಿದ್ದ ಡ್ರೈವರ್ ಹೇಳುವುದಿಲ್ಲ. ಪಾರ್ಸೆಲ್ ಲೆಕ್ಕದಲ್ಲಿ ದುಡಿಯುವವರಿಗೆ ಗಾಡಿ ಎರಡು ಗಂಟೆ ನಿಂತರೆ ಆ ಎರಡು ಗಂಟೆಯ ದುಡಿಮೆಯೂ ಇಲ್ಲ. ಅವರು ಒಡೆದ ಗಾಡಿಯನ್ನು ಮೂಲೆಯಲ್ಲಿ ನಿಲ್ಲಿಸಿ ಹೋಗುತ್ತಾರೆ, ಬೆಳಗ್ಗೆ ಬಂದವರ ಪಾಲಿಗೆ ಅದು ಬೀಳುತ್ತದೆ.

ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ಗಾಡಿಯನ್ನು ಸುರಕ್ಷಿತವಾಗಿ ಇಡುವ ಖರ್ಚು ಒಂದು. ಹಾನಿ ಯಾರ ತಪ್ಪಿನಿಂದ ಆಯಿತು ಅನ್ನುವುದು ಇನ್ನೊಂದು. ಮೊದಲನೆಯದರ ಬಗ್ಗೆ ಅನುಮಾನ ಇಲ್ಲ. 155ನೇ ಒಪ್ಪಂದ, ಸುರಕ್ಷತಾ ಕ್ರಮಗಳಿಂದ ಕೆಲಸಗಾರರಿಗೆ ಯಾವ ಖರ್ಚೂ ಬರಬಾರದು ಅನ್ನುತ್ತದೆ. ಯುರೋಪಿನ ನಿರ್ದೇಶನವೂ ಯಾವ ಸಂದರ್ಭದಲ್ಲೂ ಆ ಖರ್ಚು ಅವರ ಮೇಲೆ ಬೀಳಬಾರದು ಅನ್ನುತ್ತದೆ. ಹಾಗಾಗಿ ಕಂಪನಿ ಗಾಡಿಯಾದರೆ, ತಪ್ಪು ಯಾರದು ಅನ್ನುವ ವಿಚಾರಣೆ ಮುಗಿಯುವ ತನಕ ಗಾಜು ಹಾಕಿಸದೆ ಇರುವುದಕ್ಕೆ ನೆಪವೇ ಇಲ್ಲ. ಮೊದಲು ಗಾಜು ಹಾಕಿಸಿ, ಆಮೇಲೆ ಜಗಳ ಆಡಿ.

ಎರಡನೆಯದಕ್ಕೂ ಮಿತಿ ಇದೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ, ಕಂಪನಿಯ ಆಸ್ತಿಗೆ ಆದ ಹಾನಿಗೆ ಸಂಬಳ ಹಿಡಿದು, ಕೈಗೆ ಬರುವುದು ಕನಿಷ್ಠ ವೇತನಕ್ಕಿಂತ ಕೆಳಗೆ ಹೋಗುವಂತಿಲ್ಲ. ಬ್ರಿಟನ್ನಿನ 1996ರ ಕಾನೂನಿನ ಪ್ರಕಾರ ಸಂಬಳದಿಂದ ಹಿಡಿಯಲು ಕಾನೂನಿನ ಅಧಿಕಾರ, ಒಪ್ಪಂದದಲ್ಲಿ ಅದಕ್ಕೆ ಜಾಗ ಅಥವಾ ಡ್ರೈವರ್ ಬರೆದು ಕೊಟ್ಟ ಒಪ್ಪಿಗೆ ಬೇಕು. ಆ ಒಪ್ಪಿಗೆ ಘಟನೆಗೆ ಮುಂಚೆಯೇ ಇರಬೇಕು. ಕನ್ನಡಿ ಒಡೆದ ಮೇಲೆ ಕಾಗದ ಮುಂದಿಟ್ಟು ಸಹಿ ಹಾಕಿಸಿಕೊಂಡರೆ ಆ ಘಟನೆಗೆ ಅದು ನಡೆಯುವುದಿಲ್ಲ.

ಸ್ವಂತ ಗಾಡಿ ಇಟ್ಟುಕೊಂಡು, ಕಾಗದದ ಮೇಲೆ ಸ್ವತಂತ್ರ ಗುತ್ತಿಗೆದಾರರಾಗಿ ದುಡಿಯುವವರ ಪಾಡೇ ಬೇರೆ. ರಸ್ತೆಯ ನಿಯಮ ಅವರಿಗೆ ಪೂರ್ತಿ ಅನ್ವಯ. ಕನ್ನಡಿ ಇಲ್ಲದೆ ಸಿಕ್ಕಿಬಿದ್ದರೆ ದಂಡ ಅವರದೇ. ಆದರೆ ಸಂಬಳ ಹಿಡಿಯಬಾರದು, ಖರ್ಚು ಮಾಲೀಕರದು ಅನ್ನುವ ರಕ್ಷಣೆ ಹೆಚ್ಚಾಗಿ ಅವರವರೆಗೆ ಬರುವುದೇ ಇಲ್ಲ. ಅಂಥವರು ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಗಾಜಿನ ರಕ್ಷಣೆ ಅಂದರೆ ಯಾವ ಗಾಜು ಅಂತ ಕೇಳಿಕೊಳ್ಳಬೇಕು. ಎಷ್ಟೋ ಪಾಲಿಸಿಗಳಲ್ಲಿ ಅದು ಮುಂದಿನ ಗಾಜು, ಕಿಟಕಿ ಗಾಜುಗಳಿಗೆ ಮಾತ್ರ. ಸೈಡ್ ಮಿರರ್ ಆ ಪಟ್ಟಿಯಲ್ಲಿ ಇರುವುದಿಲ್ಲ.